ಜಯಂತಕ್ಕ ಬಿಚ್ಚಿ ನೋಡಿದ ಡ್ರ್ಯಾಗನ್

ಹೊನ್ನಾವರ ಪೇಟೆಯಲ್ಲಿ ನಾಗಪತಿಯವರ ಆಟಿಕೆ ಅಂಗಡಿಗೆ ಬರುವ ತಾಯಂದಿರು ಬೆಲೆ ಕೇಳುವ ಮೊದಲು ಬೇರೆಯೇ ಒಂದು ಪ್ರಶ್ನೆ ಕೇಳುತ್ತಾರೆ. "ಜಯಂತಕ್ಕ, ಇದನ್ನ ನೀವು ಬಿಚ್ಚಿ ನೋಡಿದ್ರ್ಯಾ?" ಹೌದು ಎಂದರೆ ಸಾಮಾನು ಚೀಲಕ್ಕೆ ಹೋಗುತ್ತದೆ. ಇಲ್ಲ ಎಂದರೆ, "ಹಾಂಗಾದ್ರೆ ಬರೂ ವಾರ ಬತ್ತೆ" ಎಂದು ಮಗುವನ್ನು ಎಳೆದುಕೊಂಡು ಹೊರಟುಬಿಡುತ್ತಾರೆ.

ಜಯಂತಕ್ಕ ನಮ್ಮ ಮಾವಿನಕುರ್ವೆಯವಳು. ನಮ್ಮ ಮನೆಯಿಂದ ಮೂರನೆಯ ಮನೆ. ಅಪ್ಪ ದಾಸ ದೋಣಿಗೆ ಹೋಗುತ್ತಿದ್ದ, ಅವ್ವ ಕಮಲಿ ಬುಟ್ಟಿಯಲ್ಲಿ ಮೀನು ಹೊತ್ತು ಮಾರುತ್ತಿದ್ದಳು. ಜಯಂತಕ್ಕ ಏಳನೆಯ ತರಗತಿ ಮುಗಿಸಿದ ವರ್ಷ ಕಮಲಿ ದೋಣಿ ನಿಲ್ಲುವ ದಕ್ಕೆಯಲ್ಲಿ ಜಾರಿಬಿದ್ದು ಕಾಲು ಮುರಿದುಕೊಂಡಳು. ಬುಟ್ಟಿ ಮಗಳ ತಲೆಗೆ ಬಂತು. ಇಪ್ಪತ್ತು ವರ್ಷ ಅದು ಅಲ್ಲೇ ಇತ್ತು. ಕೊನೆಗೆ ಕುತ್ತಿಗೆಯ ಎಲುಬು ಸವೆದಿದೆ, ಇನ್ನು ಭಾರ ಹೊರಬಾರದು ಎಂದು ವೈದ್ಯರು ಹೇಳಿದಾಗ ನಾಗಪತಿಯವರ ಅಂಗಡಿಗೆ ಕಸ ಗುಡಿಸಲು ಸೇರಿದಳು.

ಸೇರಿದ ವಾರದಲ್ಲೇ ಒಂದು ಪುಟ್ಟ ಲಾರಿಯನ್ನು ಮಾಲೀಕರ ಮುಂದೆ ಇಟ್ಟು, "ಹಿಂದಿನ ಚಕ್ರ ತಿರುಗೂದೇ ಇಲ್ಲ, ಇದನ್ನ ಹ್ಯಾಂಗೆ ಮಾರ್ತ್ರಿ?" ಎಂದು ಕೇಳಿದಳಂತೆ. ನಾಗಪತಿ ನಕ್ಕರು. ಆದರೆ ಅಂಥ ಲಾರಿ ತೆಗೆದುಕೊಂಡವರೆಲ್ಲ ವಾಪಸ್ ತಂದುಕೊಟ್ಟ ಮೇಲೆ ನಗು ನಿಂತಿತು. ಅಂದಿನಿಂದ ಹೊಸ ಆಟಿಕೆ ಯಾವುದೇ ಬಂದರೂ ಒಂದನ್ನು ಜಯಂತಕ್ಕ ಬಿಚ್ಚಿ, ಎಳೆದು, ನೆಲಕ್ಕೆ ಬೀಳಿಸಿ ನೋಡುವುದು ಆ ಅಂಗಡಿಯ ಪದ್ಧತಿಯಾಯಿತು. ಹದಿನಾಲ್ಕು ವರ್ಷ ಅದು ತಪ್ಪಿರಲಿಲ್ಲ.

ಕಳೆದ ಏಪ್ರಿಲ್‌ನಲ್ಲಿ ತಪ್ಪುವುದರಲ್ಲಿತ್ತು. ಆ ದಿನ ರಜೆಯೆಂದು ಅವಳ ಜೊತೆ ನಾನೂ ಅಲ್ಲಿದ್ದೆ.

ಕುಮಟಾದ ಡೀಲರ್ ರವೀಂದ್ರ ಒಂದು ದೊಡ್ಡ ಪೆಟ್ಟಿಗೆ ತಂದಿದ್ದರು. ಬ್ಲಾಕ್ಸ್ ಜೋಡಿಸುವ ಆಟ. ಮುಚ್ಚಳದ ಮೇಲೆ ನೇರಳೆ ಬಣ್ಣದ ಕೋಟೆ, ಅದರ ಮೇಲೆ ಹಾರುತ್ತಿರುವ ಹಸಿರು ಡ್ರ್ಯಾಗನ್, ಬಾಗಿಲಲ್ಲಿ ರೆಕ್ಕೆಯ ಬಿಳಿ ಕುದುರೆ, ಕೆಳಗಿನ ಕೊಳದಲ್ಲಿ ತಲೆ ಎತ್ತಿದ ಸಮುದ್ರದ ಹಾವು. ಒಳಗೆ ಆರುನೂರಕ್ಕೂ ಹೆಚ್ಚು ತುಂಡುಗಳು.

"ಬೇಸಿಗೆ ರಜೆಗೆ ನಲವತ್ತು ಪೆಟ್ಟಿಗೆ ಇಳಿಸ್ತೆ ನಾಗಪತಣ್ಣ. ಭಟ್ಕಳದಲ್ಲಿ ಎಲ್ಲಾ ಖಾಲಿಯಾತು," ಎಂದರು ರವೀಂದ್ರ. ನಾಗಪತಿ ಒಪ್ಪಿ ತಲೆಯಾಡಿಸಿದರು. ಅಷ್ಟರಲ್ಲಿ ಜಯಂತಕ್ಕ ಪೆಟ್ಟಿಗೆಯ ಟೇಪು ಕಿತ್ತಾಗಿತ್ತು.

"ಅಯ್ಯೋ ಅಕ್ಕಾ, ಸೀಲು!" ಎಂದು ರವೀಂದ್ರ ಕೂಗಿದರು.

"ಬಿಚ್ಚದೇ ಎಂತ ಗೊತ್ತಾಗ್ತದೆ? ನೀವು ಚಾ ಕುಡೀರಿ."

ಒಳಗೆ ಒಂದರಿಂದ ಒಂಬತ್ತರವರೆಗೆ ಅಂಕಿ ಬರೆದ ಪ್ಲಾಸ್ಟಿಕ್ ಚೀಲಗಳಿದ್ದವು. ಜಯಂತಕ್ಕ ಒಂಬತ್ತನ್ನೂ ಹರಿದು ಒಂದೇ ಮೊರಕ್ಕೆ ಸುರಿದಳು. ಆಮೇಲೆ ಬಲೆಯಿಂದ ಬಿದ್ದ ಮೀನು ವಿಂಗಡಿಸುವ ಹಾಗೆ, ಬಂಗಡೆ ಬೇರೆ, ತಾರ್ಲೆ ಬೇರೆ, ಸಿಗಡಿ ಬೇರೆ ಅನ್ನುವ ಹಾಗೆ ವಿಂಗಡಿಸತೊಡಗಿದಳು. ಕೆಲಸ ನೋಡಲು ಚೆನ್ನಾಗಿತ್ತು. ಬೆರಳು ತಡವರಿಸುತ್ತಿರಲಿಲ್ಲ. ಕೋಟೆ ಎದ್ದಿತು. ಕುದುರೆ ನಿಂತಿತು. ಪುಸ್ತಕದಲ್ಲಿ ಬರೀ ಚಿತ್ರಗಳಿದ್ದದ್ದರಿಂದ ಭಾಷೆಯ ತೊಂದರೆಯೂ ಆಗಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಡ್ರ್ಯಾಗನ್ ಸಿದ್ಧವಾಯಿತು. ಅದನ್ನು ಎತ್ತಿ ಒಮ್ಮೆ ಗಾಳಿಯಲ್ಲಿ ಆಡಿಸಿದಳು. ಎರಡೂ ರೆಕ್ಕೆ ಕಳಚಿ ನೆಲಕ್ಕೆ ಬಿದ್ದವು.

"ನಾಗಪತಣ್ಣ, ಇದು ಬೇಡ."

ರವೀಂದ್ರ ಎದ್ದು ಬಂದು ಡ್ರ್ಯಾಗನ್ ಕೈಗೆತ್ತಿಕೊಂಡು ತಿರುಗಿಸಿ ನೋಡಿದರು. ಜೋರಾಗಿ ನಕ್ಕರು. "ಎಂತ ಅಕ್ಕಾ ಇದು! ಸಮುದ್ರದ ಹಾವಿನ ಈಜುರೆಕ್ಕೆಯ ಕೊಂಡಿ ತಂದು ಡ್ರ್ಯಾಗನ್‌ಗೆ ಹಾಕಿದ್ರಿ. ಚೀಲಕ್ಕೆ ನಂಬರ್ ಕೊಟ್ಟದ್ದು ಎಂತಕ್ಕೆ? ಒಂದೊಂದೇ ಬಿಚ್ಚಬೇಕು. ನೀವು ಎಲ್ಲಾ ಸೇರಿಸಿ ಮೀನುಪೇಟೆ ಮಾಡಿದ್ರಿ!"

ಅಂಗಡಿಯಲ್ಲಿದ್ದ ಇಬ್ಬರು ಗಿರಾಕಿಗಳೂ ನಕ್ಕರು. ನಾಗಪತಿಯೂ ನಕ್ಕರು. ನನಗೆ ಮುಖ ಎತ್ತಲಾಗಲಿಲ್ಲ.

ಜಯಂತಕ್ಕ ಎರಡು ಕೊಂಡಿಗಳನ್ನು ಅಂಗೈಯಲ್ಲಿಟ್ಟು ಬೆಳಕಿಗೆ ಹಿಡಿದಳು. ಬಣ್ಣ ಒಂದೇ, ಆಕಾರ ಒಂದೇ. ಒಂದರ ತೂತು ಕೂದಲೆಳೆಯಷ್ಟು ದೊಡ್ಡದು.

"ಹೌದು, ತಪ್ಪಾತು," ಎಂದಳು. "ಮೈಮೇಲೆ ಹುರುಪೆ, ಹಿಂದೆ ಬಾಲ. ನನ್ನ ಕಣ್ಣಿಗೆ ಎರಡೂ ಮೀನೇ. ತಪ್ಪು ನಂದು. ಈಗ ಸರಿ ಮಾಡ್ತೆ, ನೀವು ಎದ್ದು ಹೋಗಬೇಡಿ."

"ಆತು ಬಿಡಿ ಅಕ್ಕಾ, ಗೊತ್ತಾತಲ್ಲ."

"ಕೂತ್ಕಳ್ಳಿ ಅಂದೆ."

ಅವಳು ಡ್ರ್ಯಾಗನ್ ಅನ್ನು ಬೆನ್ನುಮೂಳೆಯವರೆಗೂ ಬಿಚ್ಚಿದಳು. ಪುಸ್ತಕದ ಪುಟ ಒಂದೊಂದಾಗಿ ತಿರುಗಿಸುತ್ತಾ, ಈ ಸಲ ಪ್ರತಿ ತುಂಡನ್ನೂ ರವೀಂದ್ರ ಅವರ ಮೂಗಿನ ಮುಂದೆ ಹಿಡಿದು, "ಇದೇ ಅಲ್ದಾ?" ಎಂದು ಕೇಳಿ ಜೋಡಿಸಿದಳು. ಅವರು ಹೂಂ ಎನ್ನಲೇಬೇಕಾಯಿತು. ಮುಕ್ಕಾಲು ಗಂಟೆ ಹಿಡಿಯಿತು. ಈ ಸಲ ರೆಕ್ಕೆಗಳು ಗಟ್ಟಿಯಾಗಿ ಕೂತವು.

"ನೋಡಿದ್ರ್ಯಾ?" ಎಂದರು ರವೀಂದ್ರ.

ಜಯಂತಕ್ಕ ರೆಕ್ಕೆಗಳನ್ನು ಮೇಲೆ ಕೆಳಗೆ ಆಡಿಸತೊಡಗಿದಳು. ಮಕ್ಕಳು ಆಡಿಸುವ ಹಾಗೆಯೇ, ಬಾಯಲ್ಲಿ ಬುಸ್ ಬುಸ್ ಎನ್ನುತ್ತಾ. ಸ್ವಲ್ಪ ಹೊತ್ತಿಗೆ ಕೊಂಡಿ ಮಡಚುವ ಜಾಗದಲ್ಲಿ ಬಿಳಿಯ ಗೆರೆ ಮೂಡಿತು. ಅವಳು ನಿಲ್ಲಿಸಲಿಲ್ಲ. ಗೆರೆ ಅಗಲವಾಯಿತು. ಆಮೇಲೆ ಟಕ್ ಎಂದು ಎಡಗಡೆಯ ಕೊಂಡಿ ತುಂಡಾಯಿತು. ಒಳಗಿನ ಚೂಪು ಮೂತಿ ಹೊರಗೆ ಬಂದಿತ್ತು.

"ಕೋಟೆ ಚಲೋ ಇದ್ದು. ಕುದುರೆ ಇನ್ನೂ ಚಲೋ. ಹಾವೂ ಅಡ್ಡಿಲ್ಲ," ಎಂದಳು ಜಯಂತಕ್ಕ. "ಆದ್ರೆ ಮಕ್ಕಳು ಈ ಪೆಟ್ಟಿಗೆ ಕೇಳೂದು ಡ್ರ್ಯಾಗನ್ ಹಾರಿಸೂದಕ್ಕೆ. ಅದು ಎರಡು ದಿನ ಹಾರ್ತದೆ. ಆಮೇಲೆ ಕೈ ಕೊಯ್ತದೆ."

ರವೀಂದ್ರ ಬೆವರು ಒರೆಸಿಕೊಂಡು, ಮಾಲು ಆಗಲೇ ಕುಮಟಾದಿಂದ ಹೊರಟಿದೆ, ಮಾತು ಕೊಟ್ಟಾಗಿದೆ ಎಂದು ನಾಗಪತಿಯವರಿಗೆ ನೆನಪಿಸಿ ಹೋದರು. ಸಂಜೆಯ ಮೊದಲೇ ನಲವತ್ತು ಪೆಟ್ಟಿಗೆ ಬಂದು ಬಿದ್ದವು.

ನಾಗಪತಿ ಕೆಟ್ಟವರಲ್ಲ. ಆದರೆ ಪೆಟ್ಟಿಗೆಗಳ ಗೋಡೆ ಕಂಡು ಅವರ ದನಿ ಬದಲಾಯಿತು. "ಜಯಂತಿ, ಯಾರಾದ್ರೂ ಕೇಳಿದ್ರೆ ಬಿಚ್ಚಿ ನೋಡಿದ್ದೆ, ಚಲೋ ಇದ್ದು ಅಂತ ಹೇಳು. ಅಷ್ಟೇ."

"ಬಿಚ್ಚಿ ನೋಡಿದ್ದೆ ಅಂತ ಹೇಳ್ತೆ. ಚಲೋ ಇದ್ದು ಅಂತ ಹೇಳೂದಿಲ್ಲ."

"ಹಾಂಗಾದ್ರೆ ಇನ್ನು ಯಾವ ಪೆಟ್ಟಿಗೆಯನ್ನೂ ಬಿಚ್ಚಬೇಡ."

"ನಮ್ಮವ್ವ ಮೀನಿನ ಕಿವಿರು ಎತ್ತಿ ನೋಡಬೇಡಿ ಅಂತ ಯಾರಿಗೂ ಹೇಳಿದವಳಲ್ಲ. ಹಾಂಗೆ ಹೇಳಿದವಳ ಬುಟ್ಟಿ ಹತ್ರ ನೊಣ ಮಾತ್ರ ನಿಲ್ತದೆ ನಾಗಪತಣ್ಣ."

"ಇದು ಮೀನುಪೇಟೆ ಅಲ್ಲ!"

"ಹೌದು. ಅಲ್ಲಿ ಇಷ್ಟು ಸುಳ್ಳು ನಡೆಯೂದಿಲ್ಲ."

ನಾಗಪತಿಯವರ ಮುಖ ಕೆಂಪಾಯಿತು. "ನಾಳೆಯಿಂದ ಬರೂದು ಬೇಡ," ಎಂದರು.

ನಾವಿಬ್ಬರೂ ಊರಿನ ದಾರಿ ಹಿಡಿದೆವು. ಅವಳಿಗೆ ಬೇರೆ ಕೆಲಸವಿಲ್ಲ, ಬುಟ್ಟಿ ಹೊರಲು ಕುತ್ತಿಗೆಯಿಲ್ಲ ಎಂಬುದು ನನಗೆ ಗೊತ್ತಿತ್ತು. "ಒಂದು ಮಾತಲ್ವಾ ಅಕ್ಕ, ಹೇಳಿಬಿಡಬಹುದಿತ್ತು," ಎಂದೆ. ಅವಳು ನಿಂತು ನನ್ನನ್ನು ನೋಡಿದಳು. "ನೀನು ಕಲಿತವಳು. ನಿನಗೆ ಹತ್ತು ಕಡೆ ಹೆಸರು ಸಿಕ್ತದೆ. ನನಗೆ ಇರೂದು ಆ ಒಂದು ಮಾತೇ," ಎಂದಳು. ನನಗೆ ನಾಚಿಕೆಯಾಯಿತು. ಮರುದಿನ ಏನಾಗುತ್ತದೋ ಎಂದು ನಾನೂ ಅವಳ ಜೊತೆ ಹೋದೆ.

ಅವಳು ಎಂದಿನ ಹೊತ್ತಿಗೇ ಅಂಗಡಿಗೆ ಹೋದಳು. ಕೌಂಟರಿನ ಒಳಗೆ ಕಾಲಿಡಲಿಲ್ಲ. ಗಿರಾಕಿಗಳ ಸ್ಟೂಲಿನ ಮೇಲೆ ಕೂತಳು.

"ಬರಬೇಡ ಅಂದೆನಲ್ಲ?"

"ಕೆಲಸಕ್ಕೆ ಬಂದದ್ದಲ್ಲ. ಗಿರಾಕಿ. ಆ ಪೆಟ್ಟಿಗೆ ಬಿಚ್ಚಿ ತೋರಿಸಿ, ತಗಳ್ಳೂದೋ ಬಿಡೂದೋ ನೋಡ್ತೆ."

ನಾಗಪತಿ ಕೇಳಿಸದವರ ಹಾಗೆ ಧೂಳು ಒರೆಸಿದರು. ಹತ್ತು ಗಂಟೆಗೆ ಉಮಾ ಟೀಚರ್ ಮಗಳನ್ನು ಕರೆದುಕೊಂಡು ಬಂದರು. ಮಗಳು ಸೀದಾ ಡ್ರ್ಯಾಗನ್ ಪೆಟ್ಟಿಗೆಯನ್ನು ತಬ್ಬಿಕೊಂಡಳು. "ಚಲೋ ಇದ್ದು ಟೀಚರ್, ಹೊಸ ಮಾಲು," ಎಂದರು ನಾಗಪತಿ. ಟೀಚರ್ ಅಭ್ಯಾಸದಂತೆ ಕೌಂಟರಿನ ಒಳಗೆ ಕಣ್ಣು ಹಾಯಿಸಿದರು. ಸ್ಟೂಲಿನ ಮೇಲೆ ಜಯಂತಕ್ಕನನ್ನು ಕಂಡು ಹುಬ್ಬೇರಿಸಿದರು. "ಎಂತ, ನೀವು ಇಲ್ಲಿ ಕೂತಿದ್ರಿ?"

"ನಾನೂ ಅದನ್ನೇ ಬಿಚ್ಚಿ ತೋರಿಸಿ ಅಂತ ಕಾಯ್ತಾ ಇದ್ದೆ."

ಉಮಾ ಟೀಚರ್ ಪೆಟ್ಟಿಗೆಯನ್ನು ಮಗಳ ಕೈಯಿಂದ ಬಿಡಿಸಿ ಕೆಳಗಿಟ್ಟರು. "ಹಾಂಗಾದ್ರೆ ನಾನೂ ಕಾಯ್ತೆ," ಎಂದು ಪಕ್ಕದಲ್ಲೇ ನಿಂತರು. ಆಮೇಲೆ ಬಂದವರು ಇವರಿಬ್ಬರನ್ನು ನೋಡಿ ಏನೋ ಇದೆ ಎಂದು ನಿಂತರು. ಅರ್ಧ ಗಂಟೆಯಲ್ಲಿ ಬಾಗಿಲ ಬಳಿ ಏಳೆಂಟು ಜನ. ಮಾರಾಟ ಒಂದೂ ಇಲ್ಲ.

ನಾಗಪತಿ ಕೊನೆಗೆ ಚಾಕು ತಂದು ಟೇಪು ಕೊಯ್ದರು. "ತಗೋ, ಜೋಡಿಸು," ಎಂದು ಪೆಟ್ಟಿಗೆ ಮುಂದಕ್ಕೆ ತಳ್ಳಿದರು.

"ಗಿರಾಕಿ ಜೋಡಿಸೂದಿಲ್ಲ. ನೀವು ಜೋಡಿಸಿ. ಚೀಲ ಒಂದೊಂದೇ ಬಿಚ್ಚಿ, ನನ್ನ ಹಾಂಗೆ ಮಾಡಬೇಡಿ."

ಹದಿನಾಲ್ಕು ವರ್ಷದಲ್ಲಿ ಮೊದಲ ಬಾರಿ ನಾಗಪತಿ ನೆಲದ ಮೇಲೆ ಕೂತು ಆಟಿಕೆ ಜೋಡಿಸಿದರು. ಕನ್ನಡಕ ಜಾರುತ್ತಿತ್ತು. ಟೀಚರ್ ಮಗಳು, "ಅದಲ್ಲ ಮಾಮ, ಇದು," ಎಂದು ತುಂಡು ಆರಿಸಿ ಕೊಟ್ಟಳು. ಕೋಟೆಯನ್ನು ಬಿಟ್ಟು ಡ್ರ್ಯಾಗನ್ ಒಂದನ್ನೇ ಮಾಡಿ ಮುಗಿಸಿದರು. ತಾವೇ ರೆಕ್ಕೆ ಆಡಿಸಿದರು. ಬಿಳಿ ಗೆರೆ ಬಂದಾಗ ಕೈ ನಿಲ್ಲಿಸಿದರು.

"ನಿಲ್ಲಿಸಬೇಡಿ. ಮಕ್ಕಳು ನಿಲ್ಲಿಸೂದಿಲ್ಲ," ಎಂದಳು ಜಯಂತಕ್ಕ.

ಮತ್ತೆ ಆಡಿಸಿದರು. ಟಕ್.

ಯಾರೂ ನಗಲಿಲ್ಲ. ನಾಗಪತಿ ಬೆರಳ ತುದಿಯಲ್ಲಿ ಮೂಡಿದ ರಕ್ತದ ಹನಿಯನ್ನು ಪಂಚೆಗೆ ಒರೆಸಿ ರವೀಂದ್ರ ಅವರಿಗೆ ಫೋನ್ ಮಾಡಿದರು. ಮಾಲು ವಾಪಸ್ ಒಯ್ಯುವುದಿಲ್ಲ, ಬೇಕಾದರೆ ಡ್ರ್ಯಾಗನ್ ಇಲ್ಲದ ಸೆಟ್ ಮುಂದಿನ ಸಲ ನೋಡೋಣ ಎಂದು ಆ ಕಡೆಯಿಂದ ಉತ್ತರ ಬಂತು. ನಾಗಪತಿ ಫೋನ್ ಇಟ್ಟು ಪೆಟ್ಟಿಗೆಗಳ ಗೋಡೆಯನ್ನು ನೋಡುತ್ತಾ ಕೂತರು.

"ಒಳಗೆ ಬಾ ಮಾರಾಯ್ತಿ," ಎಂದರು ಮೆಲ್ಲಗೆ. "ಇದನ್ನ ಎಂತ ಮಾಡೂದು ಹೇಳು."

ಜಯಂತಕ್ಕ ಸೆರಗು ಸಿಕ್ಕಿಸಿಕೊಂಡು ಒಳಗೆ ಹೋದಳು. ನಲವತ್ತು ಪೆಟ್ಟಿಗೆಯಿಂದಲೂ ಆ ಕೊಂಡಿಗಳನ್ನು ತೆಗೆದು ಬಿಸಾಡಬೇಕು, ಡ್ರ್ಯಾಗನ್ ರೆಕ್ಕೆಯಿಲ್ಲದೆ ನಿಲ್ಲಲಿ, ಬೆಲೆ ಇಳಿಸಿ ಕೋಟೆ ಮತ್ತು ಕುದುರೆಯ ಆಟ ಎಂದು ಮಾರಬೇಕು ಎಂದಳು. ಖಾಲಿ ರಟ್ಟು ಹರಿದು, ಮಾರ್ಕರ್ ಪೆನ್ನು ಹಿಡಿದು, ಏಳನೆಯ ತರಗತಿಯ ದುಂಡು ಅಕ್ಷರದಲ್ಲಿ ಬರೆದಳು:

ಕೋಟೆ ಗಟ್ಟಿ. ಕುದುರೆ ಗಟ್ಟಿ. ಡ್ರ್ಯಾಗನ್ ಹಾರುವುದಿಲ್ಲ.

ನಾಗಪತಿ ಓದಿ, "ಆ ಕಡೇ ಸಾಲು ಸ್ವಲ್ಪ ಸಣ್ಣದಾಗಿ ಬರೆದ್ರೆ ಆಗ್ತಿರಲಿಲ್ವಾ?" ಎಂದರು.

ಜಯಂತಕ್ಕ ಪೆನ್ನಿನ ಮುಚ್ಚಳ ಮತ್ತೆ ತೆಗೆದು ಆ ಸಾಲಿನ ಮೇಲೆ ಇನ್ನೊಂದು ಸಲ ದಪ್ಪಗೆ ತಿದ್ದಿದಳು.