ನಾನು ಕಟ್ಟದ ತೆರಿಗೆ

ಮೊನ್ನೆ ಪಕ್ಕದ ಮನೆಯ ಶಾರದೆ ಒಂದು ಕಾಗದ ಹಿಡಿದು ಬಂದಳು. ವಿದ್ಯಾರ್ಥಿವೇತನ ಸಿಕ್ಕಿ ಹೊರದೇಶಕ್ಕೆ ಓದಲು ಹೊರಟಿರುವ ಹುಡುಗಿ. "ತಾತ, ಈ ದುಡ್ಡಿಗೂ ಅಲ್ಲಿ ತೆರಿಗೆ ಹಾಕ್ತಾರಾ?" ಎಂದು ಕೇಳಿದಳು. ಪ್ರಶ್ನೆ ಸಣ್ಣದೇ. ನನಗೆ ಮಾತ್ರ ಅದು ಸಣ್ಣದಲ್ಲ. ಏಕೆಂದು ಹೇಳುತ್ತೇನೆ. ನನ್ನ ದಡ್ಡತನದ ಕಥೆ, ನಗುವುದಾದರೆ ನಕ್ಕುಬಿಡಿ.

ಅದು ಮೂವತ್ತರ ದಶಕ. ಚಿಕ್ಕರಸಿನಕೆರೆ ಕಡೆಯ ಒಕ್ಕಲು ಮನೆಯವನಾದ ನಾನು ವಿದ್ಯಾರ್ಥಿವೇತನದ ಮೇಲೆ ಇಂಗ್ಲೆಂಡಿಗೆ ಹೋಗಿ ವಿದ್ಯುತ್ತಿನ ವಿದ್ಯೆ ಕಲಿಯುತ್ತಿದ್ದೆ. ಶಿವನಸಮುದ್ರದಲ್ಲಿ ಕರೆಂಟು ಹುಟ್ಟುವುದನ್ನು ಬಾಯಿ ಬಿಟ್ಟುಕೊಂಡು ನೋಡಿದ್ದವನಿಗೆ ಬೇರೆ ವಿದ್ಯೆ ಹತ್ತಲಿಲ್ಲ. ಆ ಕರೆಂಟು ನಮ್ಮೂರಿಗೇ ಬಂದಿರಲಿಲ್ಲ ಎನ್ನುವುದು ಬೇರೆ ಮಾತು. ಒಂದು ದಿನ ನನ್ನ ಬಿಡಾರಕ್ಕೆ ಅಲ್ಲಿಯ ತೆರಿಗೆ ಕಚೇರಿಯಿಂದ ಉದ್ದನೆಯ ಕಾಗದ ಬಂತು. ನಿನ್ನ ವರಮಾನ ಎಷ್ಟು, ತಿಳಿಸು ಎಂದಷ್ಟೇ ಅದರಲ್ಲಿದ್ದದ್ದು. ಆದರೆ ನಮ್ಮ ಕಡೆ ಸರ್ಕಾರದ ಕಾಗದ ಬಂತೆಂದರೆ ಕಂದಾಯ ಕಟ್ಟು ಎಂದೇ ಅರ್ಥ. ಕಟ್ಟಬೇಕೋ ಬೇಡವೋ ಎಂದು ಕೇಳಿದವರನ್ನು ನಾನು ಕಂಡಿರಲಿಲ್ಲ. ಬಾಕಿದಾರರ ಹೆಸರನ್ನು ಚಾವಡಿಯಲ್ಲಿ ಕೂಗುವಾಗ ತನ್ನ ಹೆಸರು ಒಮ್ಮೆಯೂ ಬರಲಿಲ್ಲವೆಂಬುದು ಅಪ್ಪನ ದೊಡ್ಡ ಹೆಮ್ಮೆ. ಆ ಅಪ್ಪನ ಮಗ, ಚಳಿಯಲ್ಲೂ ಬೆವೆತುಹೋದೆ. ತೆರಿಗೆ ಬಂದಿದೆ, ಏನು ಮಾಡಲಿ ಎಂದು ಅಂದೇ ಊರಿಗೆ ಬರೆದೆ.

ಬುದ್ಧಿ ಬಂದದ್ದು ಆಮೇಲೆ. ವಾರ ಕಳೆದು ಆ ಕಚೇರಿಗೆ ಹೋದೆ. ಗುಮಾಸ್ತ ನನ್ನ ಕಾಗದ ನೋಡಿ, ಓದುವವರ ವಿದ್ಯಾರ್ಥಿವೇತನಕ್ಕೆ ತೆರಿಗೆಯಿಲ್ಲ, ಹಾಗೆಂದು ಬರೆದುಕೊಟ್ಟು ಹೋಗು ಎಂದ. ಊರಿಗೆ ತಂತಿ ಕೊಡೋಣವೆಂದು ಅಂಚೆ ಕಚೇರಿಗೆ ಓಡಿದೆ. ದರ ಕೇಳಿದೆ. ಜುಗ್ಗತನ ಮಾಡಿ ಇನ್ನೊಂದು ಕಾಗದ ಬರೆದು ಹಡಗಿನ ಟಪಾಲಿಗೆ ಹಾಕಿದೆ.

ಕೆಲವು ವಾರಗಳಲ್ಲಿ ಅಪ್ಪನಿಂದ ಹಣವೇ ಬಂತು. ಜೊತೆಗೆ ಊರಿನ ಮೇಷ್ಟರ ಕೈಲಿ ಬರೆಸಿದ ಎರಡು ಸಾಲು: ತೆರಿಗೆ ಇಲ್ಲದಿದ್ದರೆ ಒಳ್ಳೆಯದೇ ಆಯಿತು, ಚಳಿಗೆ ಕೋಟು ಹೊಲಿಸಿಕೋ. ಹೊಲಿಸಿಕೊಂಡೆ. ಹಣ ಎಲ್ಲಿಂದ ಬಂತೆಂದು ಕೇಳಲಿಲ್ಲ. ಕೋಟು ಬಹಳ ಚೆನ್ನಾಗಿತ್ತು.

ಓದು ಮುಗಿಸಿ, ಮದ್ದೂರಿನಲ್ಲಿ ರೈಲಿಳಿದು ಊರು ಸೇರಿದ ಮರುದಿನ ಬೆಳಗ್ಗೆ ಅಪ್ಪನ ಜೊತೆ ಹೊಲದ ಕಡೆ ಹೊರಟೆ. ಅಷ್ಟರಲ್ಲಿ ಹೊಸ ನಾಲೆಯ ನೀರು ನಮ್ಮ ಸೀಮೆಗೆ ಬಂದಿತ್ತು. ರಾಗಿ ಬೆಳೆಯುತ್ತಿದ್ದ ನಮ್ಮ ಹೊಲದಲ್ಲಿ ಆಳೆತ್ತರದ ಕಬ್ಬು! ಹಿಗ್ಗಿ ಒಳಗೆ ಕಾಲಿಡಲು ಹೋದರೆ ಅಪ್ಪ ತೋಳು ಹಿಡಿದ.

"ನಿಂತ್ಕಳ್ಲಾ. ಅದೀಗ ನಿಂಗೇಗೌಡಂದು. ನಿನ್ ತೆರ್ಗೆಗೆ ಅಂತ ಮಾರ್ದೆ."

"ತೆರ್ಗೆ ಇಲ್ಲ ಅಂತ ಬರ್ದಿದ್ನಲ್ಲಪ್ಪ! ಆ ಕಾಗ್ದ ಮಾರೋಕ್ ಮುಂಚೆ ಬರ್ನಿಲ್ವಾ?"

"ಬಂತು. ಕ್ರಯಪತ್ರ ಆಗಾಕೆ ಇನ್ನೂ ಎಲ್ಡ್ ದಿನ ಇತ್ತು."

"ಮತ್ಯಾಕ್ ಮಾರ್ದೆ?"

"ಕೊಡ್ತೀನಿ ಅಂತ ಮಾತ್ ಕೊಟ್ಟು ಎಲೆಅಡ್ಕೆ ಈಸ್ಕಂಬುಟ್ಟಿದ್ದೆ ಕಣ್ಲಾ. ನಾಲ್ಕ್ ಜನದ್ ಮುಂದೆ ಎಲೆಅಡ್ಕೆ ಈಸ್ಕಂಡು ಆಮೇಲೆ ಇಲ್ಲ ಅನ್ನಾಕಾಯ್ತದಾ?"

ತಂತಿಯ ವಿಷಯ ಮುಚ್ಚಿಡಲು ನನ್ನಿಂದಾಗಲಿಲ್ಲ. ನಾಲ್ಕು ಕಾಸು ಉಳಿಸಲು ಹೋಗಿ ನೀರು ಕಂಡ ಹೊಲವನ್ನೇ ಕಳೆದೆನಲ್ಲ ಎಂದು ಅತ್ತೆ. ಅಪ್ಪ ಕಬ್ಬಿನ ಕಡೆ ನೋಡಿದ. ಆಮೇಲೆ ನಕ್ಕ.

"ಒಳ್ಳೇದೇ ಮಾಡ್ದೆ ಬುಡು. ತಂತಿ ಬಂದಿದ್ರೆ ಮಗ ಓಗ್ಬುಟ್ಟ ಅಂತ ನಿಮ್ಮವ್ವ ಓದಿಸೋಕ್ ಮುಂಚೇನೇ ಎದೆ ಒಡ್ಕಂಡ್ ಸಾಯ್ತಿದ್ಲು."

ನಾನೂ ನಕ್ಕೆ. ಬದುವಿನ ಮೇಲೆಯೇ ಇಬ್ಬರೂ ಮನೆಗೆ ಬಂದೆವು. ಆ ಹೊಲದ ಮಾತನ್ನು ಅಪ್ಪ ಮತ್ತೆ ಎತ್ತಲಿಲ್ಲ.

ಇದನ್ನು ಎಷ್ಟೋ ಜನರಿಗೆ ತಮಾಷೆಯಾಗಿ ಹೇಳಿದ್ದೇನೆ. ಶಾರದೆಗೂ ಹಾಗೆಯೇ ಹೇಳಿ, "ಒಂದೊಂದು ದೇಶಕ್ಕೆ ಒಂದೊಂದು ಕಾನೂನು. ಮೊದಲು ಅಲ್ಲೇ ಕೇಳಮ್ಮ, ಆಮೇಲೆ ಮನೆಗೆ ಬರಿ" ಎಂದೆ. ಅವಳು ನಗಲಿಲ್ಲ.

"ನಿಮ್ಮಪ್ಪ ಬೈಲೇ ಇಲ್ವಾ ತಾತ?"

"ಇಲ್ಲ ಕಣಮ್ಮ."

ಬೈಯಬಹುದಿತ್ತು. ಬೈದಿದ್ದರೆ ನಾನು ಎಂದೋ ಮರೆತುಬಿಡುತ್ತಿದ್ದೆ.