ಅತ್ತೆಯ ಊರಿನ ಕೆಳಗಿನ ಬಿಗಿ

ನಮ್ಮ ಪಕ್ಕದ ಮನೆಯ ಸೋಫಾ ರಿಪೇರಿಯವರಿಗೆ ಮಾತು ಕಡಿಮೆ. ಬಾಯಲ್ಲಿ ಸದಾ ಮೊಳೆ ಕಚ್ಚಿಕೊಂಡಿರುವುದರಿಂದ ಆಡಬೇಕಾದ್ದೂ ಅರ್ಧ ಒಳಗೇ ಉಳಿಯುತ್ತದೆ. ಭೂಕಂಪವಾದ ದಿನ ಮಾತ್ರ ಮೊಳೆಗಳನ್ನೆಲ್ಲ ಉಗಿದು, ದೇವರನ್ನು ಕೂಗುತ್ತಾ, ಹೆಂಡತಿಗಿಂತ ಮೊದಲು ಬೀದಿಗೆ ಬಂದಿದ್ದರು. ಆ ದೇವರ ದಯೆ, ಯಾರಿಗೂ ಏನೂ ಆಗಲಿಲ್ಲ. ಆದರೆ ಮೊದಲು ಓಡಿದ್ದು ಯಾರು ಎಂಬುದನ್ನು ಆಕೆ ಮರೆಯಲಿಲ್ಲ.

"ಇನ್ನೂ ಸಣ್ಣಪುಟ್ಟ ಕಂಪನ ಬರ್ತಾವಂತೆ. ನಾನು ಅಮ್ಮನ ಮನೆಗೆ ಹೋಗ್ತೀನಿ," ಎಂದು ಬ್ಯಾಗು ತುಂಬತೊಡಗಿದಳು.

ಆಕೆಯಿಲ್ಲದಿದ್ದರೆ ಇವರಿಗೆ ತಮ್ಮ ಕನ್ನಡಕವೂ ಸಿಗದು. ಹೇಗಾದರೂ ತಡೆಯಬೇಕಿತ್ತು. ಭೂಕಂಪ ಅಳೆಯುವ ಕಚೇರಿಗೆ ರಿಪೇರಿಯಾದ ಕುರ್ಚಿ ತಲುಪಿಸಲು ಹೋದಾಗ ಅಲ್ಲಿನ ವಿಜ್ಞಾನಿ ಮೇಡಂ ಹತ್ತಿರ ಎಲ್ಲ ಕೇಳಿಕೊಂಡು ಬಂದು, ಹೆಂಡತಿಯನ್ನು ಹೊದಿಕೆ ಕಿತ್ತ ಸೋಫಾದ ಮುಂದೆ ನಿಲ್ಲಿಸಿದರು. ಗೋಡೆಯಾಚೆ ಬಟ್ಟೆ ಒಣಹಾಕುತ್ತಿದ್ದ ನನಗೂ ಪಾಠವಾಯಿತು.

"ನೋಡು, ಸ್ಪ್ರಿಂಗ್ ಬಿಗಿದಿದ್ದ ಈ ದಾರ ಹರೀತು. ಇಲ್ಲಿ ನಿರಾಳ. ಆದ್ರೆ ಇದು ಹೊತ್ತಿದ್ದ ಬಿಗಿ ಎಲ್ಲಿಗೆ ಹೋಯ್ತು? ಅಕ್ಕಪಕ್ಕದ ದಾರಕ್ಕೆ. ನೆಲವೂ ಹಾಗೇನಂತೆ. ಬಿರುಕು ಜಾರಿದ್ದಕ್ಕೆ ಅದರ ಎರಡೂ ಮಗ್ಗುಲಲ್ಲಿ ಬಿಗಿ ಇಳಿದಿದೆ, ತುದಿಗಳಲ್ಲಿ ಏರಿದೆ. ಏರಿದ ಕಡೆನೇ ಮರುಕಂಪನ ಜಾಸ್ತಿ. ನಾವಿರೋದು ಇಳಿದ ಕಡೆ."

"ಏರಿದ ಕಡೆ ಯಾರಿದ್ದಾರೆ?"

ಅವರು ಕೆಮ್ಮಿದರು. "ನಿಮ್ಮಮ್ಮ."

"ಇಷ್ಟು ವರ್ಷ ತಾಪತ್ರಯ ಎಲ್ಲಾ ನಮ್ಮಮ್ಮನ ಮನೆಯಿಂದಲೇ ಅಂತಿದ್ರಿ. ಈಗ ಭೂಮಿತಾಯಿ ಕೈಲೂ ಹೇಳಿಸ್ತೀರಾ?"

"ನಾನಲ್ಲ ಕಣೇ, ಮೇಡಂ ತೋರಿಸಿದ ನಕ್ಷೆ ಹೇಳಿದ್ದು!"

"ಹಾಗಾದ್ರೆ ಇಲ್ಲಿ ಏನೂ ಆಗೋದೇ ಇಲ್ವಾ?"

"ಕಡಿಮೆ ಅಂದ್ರು. ಆಗೋದೇ ಇಲ್ಲ ಅನ್ನಲಿಲ್ಲ."

"ನೋಡಿದ್ರಾ!" ಎಂದು ಆಕೆ ಬ್ಯಾಗಿನ ಜಿಪ್ ಎಳೆದಳು.

ಅಷ್ಟರಲ್ಲಿ ಅತ್ತೆಯ ಫೋನು ಬಂತು. ಅಲ್ಲಿ ಬೆಳಗಿನಿಂದ ಎರಡು ಸಲ ನಡುಗಿ, ಅಟ್ಟದ ಪಾತ್ರೆಗಳೆಲ್ಲ ತಾವಾಗಿಯೇ ಕೆಳಗಿಳಿದು ಬಂದಿದ್ದವಂತೆ. ಹೆಂಡತಿ ಬ್ಯಾಗು ಕೆಳಗಿಟ್ಟು, ಮದುವೆಯಾದ ಮೇಲೆ ಮೊದಲ ಸಲ ಗಂಡನನ್ನು ಗೌರವದಿಂದ ನೋಡಿದಳು. ಅವರ ಮುಖ ಅರಳಿತು.

"ಅಮ್ಮಾ, ಇವರು ಮೊದಲೇ ಹೇಳಿದ್ರು! ನಮ್ಮ ಕಡೆ ಬಿಗಿ ಇಳಿದಿದೆಯಂತೆ. ನೀನೇ ಬಂದ್ಬಿಡು!"

ಅರಳಿದ ಮುಖ ಹಾಗೇ ನಿಂತಿತು.

ಸಂಜೆಯೊಳಗೆ ಅತ್ತೆ ಮೂರು ಪೆಟ್ಟಿಗೆಗಳ ಸಮೇತ ಬಂದಿಳಿದರು. ನೇರವಾಗಿ ಅಳಿಯನ ಮಂಚದ ಮೇಲೆ ಕುಳಿತು ಕೇಳಿದರು: "ಅಳಿಯಂದಿರೇ, ಈ ಮರುಕಂಪನ ಎಷ್ಟು ದಿನ ಇರ್ತಾವಂತೆ?"

ಹೆಂಡತಿ ಹೆಮ್ಮೆಯಿಂದ ಉತ್ತರಕ್ಕಾಗಿ ಕಾಯುತ್ತಿದ್ದಳು. ಸುಳ್ಳು ಹೇಳಿದರೆ ಈಗಷ್ಟೇ ಸಿಕ್ಕ ಮರ್ಯಾದೆ ಹೋಗುತ್ತದೆ.

"ದಿನದಿಂದ ದಿನಕ್ಕೆ ಕಡಿಮೆ ಆಗ್ತವೆ. ಆದ್ರೆ... ತಿಂಗಳುಗಟ್ಟಲೆ ಇದ್ರೂ ಇರಬಹುದು ಅಂದ್ರು."

"ಪೂರ್ತಿ ನಿಲ್ಲಲಿ ಬಿಡಿ, ನನಗೇನೂ ಅವಸರವಿಲ್ಲ," ಎಂದು ಅತ್ತೆ ಎರಡನೆಯ ಪೆಟ್ಟಿಗೆಯ ಬೀಗ ತೆಗೆದರು.