ಪೇಟಿ ಬಾರಿಸಿದಾಕೆಗೆ ಹೇಳಬೇಕಿದ್ದ ಮಾತು

ಚಿಕ್ಕೋಡಿಯ ಆ ನಾಟಕದ ಮಂದಿಯ ಮೇಲೆ ತವನಪ್ಪನ ಸಿಟ್ಟು ಇನ್ನೂ ಇಳಿದಿಲ್ಲ. ಅವರು ಬರೀ ಕೇಳುವ ನಾಟಕ ಮಾಡಿ ವಾಟ್ಸಾಪಿಗೆ ಬಿಡುತ್ತಾರೆ. ಮುಗಿದ ಮೇಲೆ ಹೆಸರು ಓದುತ್ತಾರೆ. ಬರೆದವ, ಮಾತಾಡಿದವರು, ಕೋಣೆ ಕೊಟ್ಟವ, ಕಡೆಗೆ ಚಹಾ ತಂದವನ ಹೆಸರೂ ಸೈ. ಹಿಂದೆ ಹಾರ್ಮೋನಿಯಂ ಪೇಟಿ ಬಾರಿಸಿದವರ ಹೆಸರು ಮಾತ್ರ ಇಲ್ಲ. ಅದೇನು ಮುಗಿಲಿನಿಂದ ಉದುರಿತ್ತೇ?

ತವನಪ್ಪ ಬೋರಗಾಂವದ ಪವರ್‌ಲೂಮ್ ಕಾರ್ಖಾನೆಯಲ್ಲಿ ದುಡಿಯುವವ. ಇಪ್ಪತ್ತಾರು ವರ್ಷ ಮಗ್ಗದ ಖಟಖಟದಲ್ಲಿ ನಿಂತು ಅರ್ಧ ಕಿವಿ ಹೋಗಿದೆ. ಮಾತೆಲ್ಲ ಕೂಗೇ. ಹೆಂಡತಿ ರಾಜಮತಿ ತೀರಿಕೊಂಡು ನಾಲ್ಕು ವರ್ಷ. ಹೊತ್ತು ಮುಳುಗುವ ಮೊದಲೇ ಒಬ್ಬನೇ ಉಂಡು, ತಾಟು ತೊಳೆದಿಟ್ಟರೆ ಆಮೇಲೆ ಮನೆಯಲ್ಲಿ ಸದ್ದೇ ಇರುತ್ತಿರಲಿಲ್ಲ. ಅದಕ್ಕೇ ಕಿವಿಗೆ ವಾಯರು ಸಿಕ್ಕಿಸಿಕೊಂಡು ನಾಟಕ ಕೇಳುವುದು.

ಒಂದು ನಾಟಕದಲ್ಲಿ ಅಕ್ಕನೊಬ್ಬಳು ತಮ್ಮನಿಗಾಗಿ ಬಸ್‌ಸ್ಟ್ಯಾಂಡಿನಲ್ಲಿ ಕಾಯುತ್ತಾಳೆ. ಕಡೆಯ ಬಸ್ಸು ಹೋಗುತ್ತದೆ, ತಮ್ಮ ಬರುವುದಿಲ್ಲ. ಮಾತು ನಿಂತು ಪೇಟಿ ಶುರುವಾಯಿತು. ಸಿನೆಮಾದಿಂದ ಎತ್ತಿದ ಧಾಟಿಯಲ್ಲ, ಆ ಅಕ್ಕನಿಗೇ ಅಂತ ಕಟ್ಟಿದ್ದು. ಮೂರು ಸ್ವರ ಏರುತ್ತದೆ, ನಾಲ್ಕನೆಯದಕ್ಕೆ ಅಂಜಿ ಹೊಳ್ಳಿ ಬರುತ್ತದೆ. ಮತ್ತೆ ಏರುತ್ತದೆ, ಮತ್ತೆ ಹೊಳ್ಳುತ್ತದೆ. ಕಡೆಗೆ ಸ್ವರವೇ ಇಲ್ಲ, ಪೇಟಿಯ ಗಾಳಿ ಮಾತ್ರ ನಿಟ್ಟುಸಿರಿನಂತೆ. ತವನಪ್ಪನಿಗೆ ಹೊರಸಿನ ಮೇಲೆ ಪಕ್ಕದಲ್ಲಿ ಯಾರೋ ಬಂದು ಕೂತಂತಾಯಿತು. ಒಂಬತ್ತು ಸಲ ಕೇಳಿದ.

ಮರುದಿನ ಜೊತೆಯ ಕೆಲಸಗಾರ ಸಂಗ್ರಾಮನನ್ನು ಹಿಡಿದ. "ಲೇ, ಆ ಪೇಟಿ ಕೇಳಿದೇನಲೇ?"

"ನಾ ಮಾತಷ್ಟ ಕೇಳತೇನಿ ಕಾಕಾ. ಪೇಟಿ ಬಂದ್ರ ಮುಂದ ಓಡಸ್ತೇನಿ."

"ಓಡಸ್ತಿ? ಹೋಳಿಗಿ ಬಿಟ್ಟು ಪತ್ರೋಳಿ ಎಲಿ ತಿನ್ನಾವ ನೀ!"

ನಾಟಕ ಮಾಡಿಸುವ ಅಮಿತನಿಗೆ ಫೋನು ಹಚ್ಚಿದ. "ಹೆಸರು ಮರ್ತೇವ್ರಿ ಕಾಕಾ," ಅಂದ ಅವನು.

"ಚಹಾದವನ್ನ ಮರೀಲಿಲ್ಲಲಾ!"

ಬಾರಿಸಿದಾಕೆ ಕೊಗನೊಳ್ಳಿಯ ಲಗಮವ್ವ, ಅಪ್ಪನಿಂದ ಭಜನೆಯ ಪೇಟಿ ಕಲಿತಾಕೆ. ನಂಬರು ಸಿಕ್ಕಿತು. ಮಗ್ಗ ಬಡಿಯುತ್ತಿರುವಾಗಲೇ ಬಾಗಿಲಲ್ಲಿ ನಿಂತು ಫೋನು ಹಚ್ಚಿ ಕೂಗಿದ.

"ಲಗಮವ್ವನವ್ರೇನ್ರಿ? ಆ ಪೇಟಿ ನೀವ ಏನ್ ಬಾರಿಸಿದ್ದು? ಹೊಳ್ಳಿ ಹೊಳ್ಳಿ ಬರ್ತೈತಲಾ, ಯಾಕ್ರಿ ಹಂಗ? ಕಡೀಕ ಬರೇ ಗಾಳಿ ಬಿಟ್ಟೀರಿ, ಅದ್ಯಾಕ?"

"ತಪ್ಪಾಗಿದ್ರ ಹೊಟ್ಟ್ಯಾಗ ಹಾಕೋರಿ," ಅಂದು ಆಕೆ ಫೋನು ಇಟ್ಟುಬಿಟ್ಟಳು. ಮತ್ತೆ ಎಷ್ಟು ಹಚ್ಚಿದರೂ ಎತ್ತಲಿಲ್ಲ.

ಮುಂದಿನ ತಿಂಗಳ ನಾಟಕದಲ್ಲಿ ಪೇಟಿ ಇಲ್ಲ, ಮೊಬೈಲಿನ ರೆಡಿಮೇಡ್ ಸಂಗೀತ. ಅಮಿತ ಹೇಳಿದ: "ಯಾರೋ ಫೋನ್ ಮಾಡಿ ಬೈದ್ರಂತ್ರಿ. ಇನ್ನ ಮುಟ್ಟೂದಿಲ್ಲ ಅಂದಾಳ."

ಬೈದವ ತಾನೇ ಎಂದು ತವನಪ್ಪನಿಗೆ ಹೊಳೆಯಿತು. ಮಗ್ಗದ ರಜೆಯ ದಿನ ಕೊಗನೊಳ್ಳಿಗೆ ಹೋದ. ಲಗಮವ್ವ ಕಟ್ಟೆಯ ಮೇಲೆ ಕೂತು ಶೇಂಗಾ ಹಸನು ಮಾಡುತ್ತಿದ್ದಳು.

"ನಾನ್ರಿ, ಬೋರಗಾಂವದ ತವನಪ್ಪ! ಫೋನ್ ಮಾಡಿದವ!"

ಅಕ್ಕಪಕ್ಕದ ಬಾಗಿಲು ತೆರೆದವು. ನೆರೆಮನೆಯ ಕೆಂಪವ್ವ ಹೊರಗೆ ಬಂದಳು. "ಯಾಕೋ ಯಪ್ಪಾ, ಹೆಣಮಗಳ ಮನಿ ಮುಂದ ಬಂದು ಬಾಯಿ ಮಾಡಾಕತ್ತಿ?"

"ಜಗಳಕ್ಕ ಬಂದಿಲ್ರೀ! ಹೊಗಳಾಕ ಬಂದೇನಿ!"

ಅದೂ ಕೂಗೇ ಆಯಿತು. ಗಲ್ಲಿಯ ಮಂದಿ ನಕ್ಕರು. ನಾಚಿಕೆಯಿಂದ ಲಗಮವ್ವನ ಮುಖ ಸಣ್ಣದಾಯಿತು. ಮೊರ ಎತ್ತಿಕೊಂಡು ಒಳಗೆ ಹೋಗಿ ಚಿಲಕ ಹಾಕಿಕೊಂಡಳು. ಅವನು ಕದದ ಹತ್ತಿರ ಹೋಗಿ ಮೆಲ್ಲಗೆ ಹೇಳಲು ನೋಡಿದ. ತುಟಿ ಅಲ್ಲಾಡಿದವು, ತನ್ನ ದನಿ ತನಗೇ ಕೇಳಲಿಲ್ಲ. ಮಾತು ಹೊರಬಿತ್ತೋ ಇಲ್ಲವೋ ಅವನಿಗೇ ತಿಳಿಯದು. ಕದ ತೆರೆಯಲಿಲ್ಲ.

ಅಮಿತನ ಕೈಲಿ ಹೇಳಿ ಕಳಿಸಬಹುದಿತ್ತು. ಮನಸ್ಸು ಒಪ್ಪಲಿಲ್ಲ. ನಾಲ್ಕು ವರ್ಷದಲ್ಲಿ ತನ್ನ ಪಕ್ಕದಲ್ಲಿ ಕೂತಾಕೆ ಅವಳೊಬ್ಬಳೇ. ಅದಕ್ಕೆ ಅವನು ಕೊಡಬೇಕಿದ್ದದ್ದು ಒಂದೇ ಮಾತು, ಛಲೋ ಬಾರಿಸೀರಿ ತಾಯಿ ಅಂತ. ಆ ಋಣ ಇನ್ನೂ ತೀರಿಲ್ಲ.